ಗುಬ್ಬಿಗೆ ಬಂದ ಇಪ್ಪತ್ತರ ಪಾದ್ರಿ

ಮಹದೇವಪುರದಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಈ ಅಂಕಣಕ್ಕೆ ಪತ್ರ ಬರೆದಿದ್ದಾಳೆ. ಅವಳ ಇಂಗ್ಲಿಷ್ ಪುಸ್ತಕವೊಂದರಲ್ಲಿ ಜಾರ್ಜ್ ವೈಟ್‌ಫೀಲ್ಡ್ ಎಂಬ ಮೆಥಡಿಸ್ಟ್ ಪ್ರಸಂಗಿಯ ಹೆಸರು ಬಂತಂತೆ. "ನಮ್ಮ ಮನೆ ಹತ್ತಿರದ ವೈಟ್‌ಫೀಲ್ಡಿಗೆ ಅವರ ಹೆಸರೇ ಇಟ್ಟಿದ್ದಾ? ಮೆಥಡಿಸ್ಟ್ ಪಾದ್ರಿ ಅಂದರೆ ಯಾರು? ಅಂಥವರು ನಮ್ಮ ಕಡೆ ಯಾರಾದರೂ ಇದ್ದರಾ? ತಾತನಿಗೂ ಗೊತ್ತಿಲ್ಲ" ಎಂದು ಕೇಳಿದ್ದಾಳೆ. ತಾತನಿಗೂ ಗೊತ್ತಿಲ್ಲ ಎಂದ ಮೇಲೆ ಉತ್ತರ ಇಬ್ಬರಿಗೂ ಸೇರಿಸಿಯೇ ಬರೆಯಬೇಕು.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಇಲ್ಲ, ಅವರ ಹೆಸರಲ್ಲ. ನಿಮ್ಮ ವೈಟ್‌ಫೀಲ್ಡಿಗೆ ಹೆಸರು ಬಂದದ್ದು ಡಿ. ಎಸ್. ವೈಟ್ ಎಂಬ ಆಂಗ್ಲೋ ಇಂಡಿಯನ್ ಮುಖಂಡರಿಂದ. ತಮ್ಮ ಜನ ಬೇಸಾಯ ಮಾಡಿಕೊಂಡು ಬದುಕಲಿ ಎಂದು ಅವರು ಜಮೀನು ಕೇಳಿದರು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಸುಮಾರು 3,900 ಎಕರೆ ಕೊಟ್ಟರು. ವೈಟ್ ಅವರ ಬಯಲು ವೈಟ್‌ಫೀಲ್ಡ್ ಆಯಿತು. ಪುಸ್ತಕದಲ್ಲಿರುವ ಜಾರ್ಜ್ ವೈಟ್‌ಫೀಲ್ಡ್ ಇದಕ್ಕೆ ನೂರು ವರ್ಷಗಳಿಗೂ ಮೊದಲೇ, 1770ರಲ್ಲಿ, ಅಮೆರಿಕದಲ್ಲಿ ತೀರಿಕೊಂಡವರು. ಇನ್ನೊಂದು ತಮಾಷೆ ಗೊತ್ತೇ? ಅವರ ಹೆಸರನ್ನು ಇಂಗ್ಲಿಷರು ಬರೆಯುವುದು ವೈಟ್‌ಫೀಲ್ಡ್ ಎನ್ನುವ ಹಾಗೆ, ಕರೆಯುವುದು ಮಾತ್ರ ವಿಟ್‌ಫೀಲ್ಡ್ ಎಂದು! ಬರೆದ ಹಾಗೆ ಓದುವ ಕನ್ನಡದಂಥ ಭಾಷೆ ಅವರಿಗೆ ಸಿಕ್ಕಿರಲಿಲ್ಲ, ಪಾಪ.

ಎರಡನೆಯ ಪ್ರಶ್ನೆಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ತರಗತಿಯಲ್ಲಿ ಒಬ್ಬ ಹುಡುಗ ದಿನಾ ಬೆಳಗ್ಗೆ ಐದಕ್ಕೆ ಎದ್ದು, ಗಂಟೆ ನೋಡಿಕೊಂಡು ಓದಿ, ಗಂಟೆ ನೋಡಿಕೊಂಡು ಊಟ ಮಾಡಿದರೆ ನೀವು ಏನು ಮಾಡುತ್ತೀರಿ? ಅಡ್ಡಹೆಸರು ಇಡುತ್ತೀರಿ. 1729ರ ಸುಮಾರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದದ್ದೂ ಅದೇ. ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿ ಎಂಬ ಅಣ್ಣತಮ್ಮಂದಿರು ಮತ್ತು ಅವರ ಗೆಳೆಯರು ಎಲ್ಲವನ್ನೂ ಕ್ರಮವಾಗಿ ಮಾಡುತ್ತಿದ್ದರು. ಪ್ರಾರ್ಥನೆ, ಉಪವಾಸ, ಸೆರೆಮನೆಯಲ್ಲಿದ್ದವರನ್ನು ನೋಡಿಬರುವುದು, ಎಲ್ಲಕ್ಕೂ ಸಮಯ ಗೊತ್ತು ಮಾಡಿಕೊಂಡಿದ್ದರು. ಮೆಥಡ್ ಅಂದರೆ ಕ್ರಮ. ಉಳಿದ ಹುಡುಗರು 'ಮೆಥಡಿಸ್ಟರು' ಎಂದು ಗೇಲಿ ಮಾಡಿದರು. ಗೇಲಿಗೆ ಇಟ್ಟ ಹೆಸರೇ ಕೊನೆಗೆ ಒಂದು ದೊಡ್ಡ ಪಂಗಡದ ಹೆಸರಾಗಿ ನಿಂತಿತು. ಜಾರ್ಜ್ ವೈಟ್‌ಫೀಲ್ಡ್ ಕೂಡ ಅದೇ ಗುಂಪಿನವರು.

ಇವರ ವಿಶೇಷ ಏನೆಂದರೆ, ಜನ ಚರ್ಚಿಗೆ ಬರುವುದಿಲ್ಲವಾದರೆ ನಾವೇ ಜನ ಇದ್ದಲ್ಲಿಗೆ ಹೋಗೋಣ ಎಂದು ಹೊರಟದ್ದು. ಬ್ರಿಸ್ಟಲ್ ಪಟ್ಟಣದ ಹತ್ತಿರ ಕಿಂಗ್ಸ್‌ವುಡ್ ಎಂಬಲ್ಲಿ ಕಲ್ಲಿದ್ದಲ ಗಣಿಗಳಿದ್ದವು. 1739ರಲ್ಲಿ ವೈಟ್‌ಫೀಲ್ಡ್ ಅಲ್ಲಿನ ಬಯಲಲ್ಲಿ ನಿಂತು ಮಸಿ ಮೆತ್ತಿದ ಮುಖದ ಗಣಿ ಕೆಲಸಗಾರರಿಗೆ ಪ್ರಸಂಗ ಹೇಳಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಜಾನ್ ವೆಸ್ಲಿಯೂ ಬಯಲಿಗೆ ಇಳಿದರು. ಆಮೇಲೆ ಅವರು ಐವತ್ತು ವರ್ಷ ಕುದುರೆಯ ಬೆನ್ನಿಂದ ಇಳಿಯಲಿಲ್ಲ ಎಂದೇ ಹೇಳಬೇಕು. ಮುಂದೆ ಮೆಥಡಿಸ್ಟ್ ಪಾದ್ರಿಗಳಿಗೆಲ್ಲ ಇದೇ ನಿಯಮವಾಯಿತು. ಒಂದೇ ಊರಲ್ಲಿ ಬೇರು ಬಿಟ್ಟು ಕೂರುವ ಹಾಗಿಲ್ಲ. ಕೆಲವೇ ವರ್ಷ, ಆಮೇಲೆ ಬೇರೆ ಊರು. ನಿಮ್ಮ ಮನೆಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ತಾತ ಇದ್ದರೆ ಕೇಳಿ, ಈ ಬಾಳು ಹೇಗಿರುತ್ತದೆ ಎಂದು ಅವರೇ ಹೇಳುತ್ತಾರೆ. ಟ್ರಂಕು ಬಿಚ್ಚಿ ಪಾತ್ರೆ ಜೋಡಿಸುವಷ್ಟರಲ್ಲಿ ಇನ್ನೊಂದು ವರ್ಗಾವಣೆಯ ಕಾಗದ!

ಇನ್ನು ಮೂರನೆಯ ಪ್ರಶ್ನೆ. ನಮ್ಮ ಕಡೆ ಇದ್ದರೇ? ಇದ್ದರು, ಹಲವರು. ಅವರಲ್ಲಿ ಒಬ್ಬರ ಕಥೆ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಅವರಿದ್ದದ್ದು ಎರಡು ವರ್ಷವೂ ಅಲ್ಲ. ಬಂದಾಗ ವಯಸ್ಸು ಇಪ್ಪತ್ತು. ಈಗಿನ ಲೆಕ್ಕದಲ್ಲಿ ಡಿಗ್ರಿ ಓದುವ ಹುಡುಗ. ಹೆಸರು ವಿಲಿಯಂ ಆರ್ಥರ್.

ಆರ್ಥರ್ ಹುಟ್ಟಿದ್ದು 1819ರ ಫೆಬ್ರುವರಿ 3ರಂದು, ಐರ್ಲೆಂಡಿನ ಆಂಟ್ರಿಮ್ ಜಿಲ್ಲೆಯ ಕೆಲ್ಸ್ ಎಂಬ ಹಳ್ಳಿಯಲ್ಲಿ. ಬೆಳೆದದ್ದು ಪಶ್ಚಿಮ ತೀರದ ವೆಸ್ಟ್‌ಪೋರ್ಟ್ ಕಡೆ. ಆಗ ಆ ಭಾಗದ ಹಳ್ಳಿಗರಲ್ಲಿ ಬಹಳ ಮಂದಿಯ ಮನೆಮಾತು ಐರಿಷ್, ಕಚೇರಿಯಲ್ಲಿ ಅಂಗಡಿಯಲ್ಲಿ ಇಂಗ್ಲಿಷ್. ಹೀಗೆ ಒಂದು ಊರಲ್ಲಿ ಎರಡು ನುಡಿ ಓಡಾಡುವುದನ್ನು ಈ ಹುಡುಗ ಚಿಕ್ಕಂದಿನಿಂದಲೇ ಕಂಡಿದ್ದ. ಹದಿನಾರನೆಯ ವಯಸ್ಸಿಗೇ ಎದ್ದು ನಿಂತು ಪ್ರಸಂಗ ಹೇಳಲು ಶುರು ಮಾಡಿದ. ಮೆಥಡಿಸ್ಟರು ಅವನನ್ನು ಲಂಡನ್ನಿನ ಹೊಕ್ಸ್‌ಟನ್‌ನಲ್ಲಿದ್ದ ತಮ್ಮ ಪಾಠಶಾಲೆಗೆ ಕಳಿಸಿದರು. ಎರಡು ವರ್ಷ ಓದಾಯಿತು. ಎಲ್ಲಿಗೆ ಹೋಗುತ್ತೀ ಎಂದಾಗ ಸಿಕ್ಕ ಉತ್ತರ: ಇಂಡಿಯಾ, ಮೈಸೂರು ಸೀಮೆ, ಗುಬ್ಬಿ.

1839ರ ಏಪ್ರಿಲ್ 15ರಂದು ಹಡಗು ಹೊರಟಿತು. ವೆಸ್ಲಿ ಬಯಲಿಗೆ ಇಳಿದು ಸರಿಯಾಗಿ ನೂರು ವರ್ಷ. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಹಾಯಿಹಡಗು ಆಫ್ರಿಕಾವನ್ನು ಪೂರ್ತಿ ಸುತ್ತಿಕೊಂಡು ಮದ್ರಾಸಿಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮದ್ರಾಸಿನಿಂದ ಬೆಂಗಳೂರಿಗೆ ರೈಲೂ ಇರಲಿಲ್ಲ. ನಿಮ್ಮ ಕೆ. ಆರ್. ಪುರ, ವೈಟ್‌ಫೀಲ್ಡ್ ಮೇಲೆ ಹೋಗುವ ರೈಲು ಬಂದದ್ದು 1864ರಲ್ಲಿ. ಅದಕ್ಕೂ ಮೊದಲು ಎತ್ತಿನ ಗಾಡಿ, ಇಲ್ಲವೇ ಪಲ್ಲಕ್ಕಿ. ಹಾಗೆ ಬರುವವರ ಹಾದಿಗಳಲ್ಲಿ ಒಂದು ಕೆ. ಆರ್. ಪುರದ ಮೇಲೆಯೇ ಹಾಯುತ್ತಿತ್ತು. ಇವತ್ತಿಗೂ ಅದನ್ನು ಹಳೇ ಮದ್ರಾಸ್ ರಸ್ತೆ ಎಂದೇ ಕರೆಯುತ್ತೇವೆ. ಈಗ ಅಲ್ಲಿ ಗಾಡಿಗಳು ನಿಂತೇ ಇರುವುದನ್ನು ನೋಡಿದರೆ ಎತ್ತುಗಳೇ ಬೇಗ ಹೋಗುತ್ತಿದ್ದವೇನೋ ಅನ್ನಿಸುತ್ತದೆ.

ಆ ಕಾಲದ ಮೈಸೂರು ಸೀಮೆಯ ಸ್ಥಿತಿಯನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಅರಮನೆಯಲ್ಲಿದ್ದರು. ಆದರೆ 1831ರಿಂದ ಆಡಳಿತ ಇಂಗ್ಲಿಷರ ಕೈಗೆ ಹೋಗಿತ್ತು. ಬೆಂಗಳೂರಿನಲ್ಲಿ ಕುಳಿತು ರಾಜ್ಯ ನಡೆಸುತ್ತಿದ್ದವರು ಮಾರ್ಕ್ ಕಬ್ಬನ್. ಕಬ್ಬನ್ ಪಾರ್ಕಿನ ಹೆಸರು ನೆನಪಿದೆಯಲ್ಲ, ಅವರೇ. ದಂಡು ಪ್ರದೇಶದಲ್ಲಿ ಸಿಪಾಯಿಗಳು, ವ್ಯಾಪಾರಿಗಳು, ಮದ್ರಾಸಿನ ಕಡೆಯಿಂದ ಬಂದ ಕೆಲಸಗಾರರು. ವೆಸ್ಲಿಯ ಪಂಗಡದವರು 1821ರಿಂದಲೇ ಬೆಂಗಳೂರಿನಲ್ಲಿದ್ದರೂ ದಂಡಿನಲ್ಲಿ ಅವರ ಕೆಲಸ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಸಾಗುತ್ತಿತ್ತು. ಕನ್ನಡ ಬೇಕಾದರೆ ದಂಡು ಬಿಟ್ಟು ಕನ್ನಡದ ಹಳ್ಳಿಗಾಡಿಗೆ ಹೋಗಬೇಕಿತ್ತು. ಥಾಮಸ್ ಹಾಡ್ಸನ್ ಎಂಬ ಪಾದ್ರಿ ಹಾಗೆ ಹೋಗಿ 1837ರಲ್ಲಿ ಗುಬ್ಬಿಯಲ್ಲಿ ನೆಲೆ ಮಾಡಿದರು. (ಕಾರ್ಪೊರೇಷನ್ ಹತ್ತಿರದ ಹಡ್ಸನ್ ವೃತ್ತ, ಹಡ್ಸನ್ ಚರ್ಚು ಇವರದಲ್ಲ. ಅದು ಅದೇ ಮಿಷನ್ನಿನ ಜೋಸಯ್ಯ ಹಡ್ಸನ್ ಎಂಬ ಇನ್ನೊಬ್ಬರ ನೆನಪಿಗೆ. ಹಾಡ್ಸನ್ ಬೇರೆ, ಹಡ್ಸನ್ ಬೇರೆ. ಪರೀಕ್ಷೆಯಲ್ಲಿ ಬಂದರೆ ಜೋಪಾನ!) ಆರ್ಥರ್ ಬಂದು ಸೇರಿದ್ದು ಈ ಹಾಡ್ಸನ್ ಅವರನ್ನು.

ಗುಬ್ಬಿ ಎಂದರೆ ನಿಮಗೆ ವೀರಣ್ಣನವರ ನಾಟಕ ಕಂಪನಿ ನೆನಪಾಗಬಹುದು. ಅಜ್ಜ ಅಜ್ಜಿಯರಿಗಂತೂ ಆಗಿಯೇ ಆಗುತ್ತದೆ. ಆ ಕಂಪನಿ ಹುಟ್ಟಿದ್ದು 1884ರಲ್ಲಿ, ಅಂದರೆ ಈ ಕಥೆ ನಡೆದು ನಲವತ್ತು ವರ್ಷಗಳ ಮೇಲೆ. ಆದರೆ ಗುಬ್ಬಿಗೆ ಮಾತಿನ ಹೆಸರು ಅದಕ್ಕೂ ಬಹಳ ಹಳೆಯದು. ಹದಿನಾರನೆಯ ಶತಮಾನದಲ್ಲೇ ಭಾವಚಿಂತಾರತ್ನ, ವೀರಶೈವಾಮೃತ ಪುರಾಣ ಬರೆದ ಮಲ್ಲಣಾರ್ಯ ಗುಬ್ಬಿಯವರೇ. ತುಮಕೂರಿನಿಂದ ಸುಮಾರು 20 ಕಿ.ಮೀ. ದೂರದ ಈ ಊರು ತೆಂಗು ಅಡಿಕೆಗಳ ಸೀಮೆ. ಸಂತೆ ಕೂಡುವ ಊರು, ಅಂದರೆ ಸುತ್ತಿನ ಹಳ್ಳಿಗಳೆಲ್ಲ ವಾರಕ್ಕೊಮ್ಮೆ ತಾವಾಗಿ ಬಂದು ಸೇರುವ ಜಾಗ. ಬಯಲಲ್ಲಿ ನಿಂತು ಮಾತಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು?

ಊರಿನ ಹೆಸರನ್ನು ಆ ಕಾಲದ ಪಾದ್ರಿಗಳು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ರೀತಿಯನ್ನು ನಮ್ಮ ಅಕ್ಷರದಲ್ಲಿ ಓದಿದರೆ 'ಗೂಬ್ಬೆ' ಎಂದಾಗುತ್ತದೆ. ಗುಬ್ಬಚ್ಚಿಯ ಊರು ಒಂದೇ ಏಟಿಗೆ ಗೂಬೆಯ ಊರಾಯಿತು!

ನಗಬೇಡಿ. ಕನ್ನಡ ಹೊಸದಾಗಿ ಕಲಿಯುವವರಿಗೆ ಇದು ಎಂಥ ಕಾಡು ಎಂದು ಯೋಚಿಸಿ. ಹುಲಿ ಎಂದರೆ ಕಾಡುಪ್ರಾಣಿ, ಹುಳಿ ಎಂದರೆ ಅನ್ನಕ್ಕೆ ಕಲಸಿಕೊಳ್ಳುವುದು. ಹಲ್ಲಿ ಗೋಡೆಯ ಮೇಲೆ, ಹಳ್ಳಿ ನೆಲದ ಮೇಲೆ. ಸಂತೆಗೆ ಹೋಗಿ "ಈ ಕೋಳಿಯನ್ನು ಕೊಳ್ಳುತ್ತೇನೆ" ಎನ್ನುವ ಬದಲು "ಕೊಲ್ಲುತ್ತೇನೆ" ಎಂದರೆ ಮಾರುವವನು ದುಡ್ಡು ಕೊಡು, ಆಮೇಲೆ ನಿನ್ನಿಷ್ಟ ಎಂದಾನು. ಬೆಲೆ, ಬೆಳೆ, ಬೇಳೆ, ಬೆಲ್ಲ ಇವನ್ನು ಸರಸರನೆ ಹೇಳಿಸಿ ನೋಡಿ, ನಿಮ್ಮ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ಗೆಳೆಯನ ಮುಖ ಹೇಗಾಗುತ್ತದೆ ಎಂದು. ಇಂಗ್ಲಿಷ್ ನಾಲಗೆಗೆ ತ ಮತ್ತು ಟ ಎರಡೂ ಒಂದೇ. ಕ ಮತ್ತು ಖ ಬೇರೆ ಬೇರೆ ಅಕ್ಷರ ಎಂಬುದೇ ಅದಕ್ಕೆ ಹೊಸ ಸುದ್ದಿ. ಇದೆಲ್ಲ ಸಾಲದು ಎಂದು 'ಹೋಗುತ್ತೇನೆ' ಎಂದು ಪುಸ್ತಕದಲ್ಲಿ ಕಲಿತು ಹೊರಗೆ ಬಂದರೆ ಬೀದಿಯಲ್ಲಿ ಎಲ್ಲರೂ 'ಹೋಯ್ತೀನಿ', 'ಒಯ್ತೀನಿ' ಎನ್ನುತ್ತಿರುತ್ತಾರೆ.

ಈಗ ನಿಮಗೆ ಮೊಬೈಲಿದೆ, ಚಿತ್ರದ ಪುಸ್ತಕಗಳಿವೆ. 1839ರಲ್ಲಿ ಏನಿತ್ತು? ನಮ್ಮ ಮಕ್ಕಳು ಕೂಲಿಮಠದಲ್ಲಿ ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುತ್ತಿದ್ದರು. ಗ್ರಂಥಗಳು ಓಲೆಗರಿಯಲ್ಲಿ. ಅಚ್ಚಾದ ಕನ್ನಡ ಪುಸ್ತಕಗಳು ಬೆರಳೆಣಿಕೆ. ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ 1817ರಲ್ಲಿ ಅಚ್ಚು ಹಾಕಿಸಿದ ಒಂದು ವ್ಯಾಕರಣ, 1820ರಲ್ಲಿ ಮದ್ರಾಸಿನಲ್ಲಿ ಬಂದ ಮೆಕೆರೆಲ್ ಎಂಬ ಅಧಿಕಾರಿಯ ಇನ್ನೊಂದು ವ್ಯಾಕರಣ, ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಪಾದ್ರಿಯ 1832ರ ಕನ್ನಡ ಇಂಗ್ಲಿಷ್ ನಿಘಂಟು, ಜಾನ್ ಹ್ಯಾಂಡ್ಸ್ ಮಾಡಿದ ಬೈಬಲಿನ ಅನುವಾದ. ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು ಬರೆದ 'ಹೊಸಗನ್ನಡ ನುಡಿಗನ್ನಡಿ' 1838ರಲ್ಲಷ್ಟೇ ಬಂದಿತ್ತು. ಹೆಚ್ಚುಕಡಿಮೆ ಇಷ್ಟೇ ಬಂಡವಾಳ. ಉಳಿದದ್ದನ್ನು ಮುನ್ಷಿ ಎದುರು ಕೂತು, ಆಮೇಲೆ ಬೀದಿಯಲ್ಲಿ ನಿಂತು ಕಲಿಯಬೇಕು.

ಇಲ್ಲಿ ಒಂದು ಮಾತು. ಮಾರ್ಕ್ ಕಬ್ಬನ್ನರ ಕಚೇರಿಯಲ್ಲಿ ದುಭಾಷಿಗಳಿದ್ದರು. ಸೇನೆಯ ಅಧಿಕಾರಿಗೆ ಆಳು ಕಾಳುಗಳೇ ಹೇಳಿ ತಿಳಿಸುತ್ತಿದ್ದರು. ವ್ಯಾಪಾರಿಗೆ ಬೆರಳೆಣಿಸಿ ತೋರಿಸಿದರೂ ನಡೆಯುತ್ತಿತ್ತು. ಆದರೆ ಪಾದ್ರಿಯ ಕಸುಬೇ ಮಾತು. ಎದುರಿನವನ ಮಾತು ಬಾರದಿದ್ದರೆ ಅವನ ಅಂಗಡಿ ತೆರೆಯುವುದೇ ಇಲ್ಲ. ಹಾಗಾಗಿ ಕನ್ನಡ ಕಲಿಯುವುದು ಆರ್ಥರ್‌ಗೆ ಉಪಕಾರವೂ ಅಲ್ಲ, ಹವ್ಯಾಸವೂ ಅಲ್ಲ. ಬೆಸ್ತನಿಗೆ ಈಜು ಹೇಗೋ ಹಾಗೆ. ಕಲಿತರು. ಬೇಗ ಕಲಿತರು. ಗುಬ್ಬಿಯ ಬೀದಿಯಲ್ಲಿ, ಸಂತೆಯಲ್ಲಿ, ಸುತ್ತಿನ ಹಳ್ಳಿಗಳಲ್ಲಿ ಕನ್ನಡದಲ್ಲೇ ನಿಂತು ಮಾತಾಡುವಷ್ಟು ಕಲಿತರು.

ಮಾತಾಡಿದ್ದು ಏನನ್ನು? ತಮ್ಮ ಧರ್ಮವನ್ನು. ಇದನ್ನು ಮುಚ್ಚಿಡಬೇಕಾಗಿಲ್ಲ. ನಿಮ್ಮ ದೇವರುಗಳನ್ನು ಬಿಡಿ, ಕ್ರಿಸ್ತನನ್ನು ನಂಬಿ ಎಂದು ಹೇಳಲಿಕ್ಕೇ ಅವರು ಬಂದದ್ದು. ನಮ್ಮ ಪೂಜೆ ಜಾತ್ರೆಗಳ ಬಗ್ಗೆ ಅವರು ಬರೆದಿರುವ ಮಾತು ಹಲವು ಕಡೆ ಒರಟಾಗಿದೆ. ಓದುವಾಗ ನನಗೆ ಕೋಪವೂ ಬಂದದ್ದುಂಟು. ಇಪ್ಪತ್ತು ವರ್ಷದ ಹುಡುಗ, ಎಲ್ಲ ತನಗೆ ಗೊತ್ತು ಎನ್ನುವ ವಯಸ್ಸು, ಗೆದ್ದವರ ದೇಶದಿಂದ ಬಂದ ಧೈರ್ಯ ಬೇರೆ. ಆದರೂ ಪುಸ್ತಕ ಕೆಳಗಿಡಲು ಮನಸ್ಸು ಬರುವುದಿಲ್ಲ. ಏಕೆಂದರೆ ಗುಬ್ಬಿಯ ಜನ ಕೈಕಟ್ಟಿ ಕೇಳಿಕೊಂಡು ಹೋಗುವವರಾಗಿರಲಿಲ್ಲ. ಮರುಪ್ರಶ್ನೆ ಹಾಕಿದರು, ವಾದಕ್ಕೆ ನಿಂತರು. ಆರ್ಥರ್ ಆ ಮಾತುಕತೆಗಳನ್ನು ಬರೆದಿಟ್ಟರು. ಸುಮಾರು 185 ವರ್ಷಗಳ ಹಿಂದೆ ನಮ್ಮ ಒಂದು ಸಣ್ಣ ಊರಿನವರು ದಾರಿಯಲ್ಲಿ ಸಿಕ್ಕ ಪರದೇಶಿಯ ಜೊತೆ ಹೇಗೆ ವಾದ ಮಾಡುತ್ತಿದ್ದರು ಎಂದು ತಿಳಿಯಬೇಕಾದರೆ ಈಗ ನಾವು ಆ ಪರದೇಶಿಯ ಪುಸ್ತಕವನ್ನೇ ತೆರೆಯಬೇಕಾಗಿದೆ.

ಇಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಕಣ್ಣಿನ ತೊಂದರೆ ಹೆಚ್ಚಾಗಿ, ಆರೋಗ್ಯವೂ ಕುಸಿದು, ಕೆಲಸ ಮುಂದುವರಿಸುವಂತೆಯೇ ಇರಲಿಲ್ಲ. 1841ರಲ್ಲಿ ಆರ್ಥರ್ ಊರಿಗೆ ಹಿಂದಿರುಗಿದರು. ವಯಸ್ಸು ಇಪ್ಪತ್ತೆರಡು. ಕಲಿತ ಭಾಷೆ ನಾಲಗೆಗೆ ಒಗ್ಗುವ ಹೊತ್ತಿಗೆ ಆ ಭಾಷೆ ಆಡುವ ಊರೇ ಕೈತಪ್ಪಿತು. ಮತ್ತೆ ಗುಬ್ಬಿಯಲ್ಲಿ ಬಂದು ನೆಲೆಸುವ ಯೋಗ ಅವರಿಗೆ ಬರಲಿಲ್ಲ.

ಮುಂದಿನ ಅರವತ್ತು ವರ್ಷ ಅವರು ಬಹಳ ದೊಡ್ಡ ಮನುಷ್ಯರಾದರು. ಅದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಆ ಅರವತ್ತರಲ್ಲಿ ನನಗೆ ಗುಬ್ಬಿಯ ಎರಡರಷ್ಟು ರುಚಿ ಕಾಣುವುದಿಲ್ಲ. 1847ರಲ್ಲಿ 'ಮೈಸೂರಿಗೊಂದು ಮಿಷನ್' ಎಂಬ ಅರ್ಥದ ಹೆಸರಿನ ಪುಸ್ತಕ ಬಂತು. ಮೇಲೆ ಹೇಳಿದೆನಲ್ಲ, ಕೋಪ ಬಂದರೂ ಕೆಳಗಿಡಲಾರದ್ದು, ಅದೇ. 1847-48ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸ. ಅಲ್ಲಿ 1848ರ ಫೆಬ್ರುವರಿಯಲ್ಲಿ ಕ್ರಾಂತಿಯಾಗಿ ಫ್ರಾನ್ಸಿನ ರಾಜ ಸಿಂಹಾಸನ ಬಿಟ್ಟು ಓಡಿದ. 1851ರಿಂದ 1868ರವರೆಗೆ ಲಂಡನ್ನಿನಲ್ಲಿ ವೆಸ್ಲಿಯನ್ ಮಿಷನರಿ ಸಂಘದ ಕಾರ್ಯದರ್ಶಿಗಳಲ್ಲಿ ಒಬ್ಬರು. ಅಂದರೆ ಯಾವ ಹುಡುಗ ಯಾವ ಹಡಗು ಹತ್ತಬೇಕು ಎಂದು ನಿರ್ಧರಿಸುವ ಕಡೆಯ ಕುರ್ಚಿ ಈಗ ಅವರದು. 1866ರಲ್ಲಿ ಇಡೀ ಪಂಗಡದ ವಾರ್ಷಿಕ ಸಭೆಗೆ ಅಧ್ಯಕ್ಷರಾದರು. 1868ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಮೆಥಡಿಸ್ಟ್ ಕಾಲೇಜು ಶುರುವಾದಾಗ ಅದರ ಮೊದಲ ಮುಖ್ಯಸ್ಥರಾದರು. ಆ ಸಂಸ್ಥೆ ಈಗಲೂ ಶಾಲೆಯಾಗಿ ನಡೆಯುತ್ತಿದೆ.

ಪುಸ್ತಕಗಳನ್ನೂ ಬರೆದರು. 1852ರಲ್ಲಿ ಸ್ಯಾಮ್ಯುಯೆಲ್ ಬಜೆಟ್ ಎಂಬ ದಿನಸಿ ವ್ಯಾಪಾರಿಯ ಜೀವನ ಚರಿತ್ರೆ ಬರೆದರು. ಮೊದಲು ಹೇಳಿದ ಗಣಿ ಕೆಲಸಗಾರರ ಕಿಂಗ್ಸ್‌ವುಡ್ಡೇ ಈ ವ್ಯಾಪಾರಿಯ ಊರು. ಅದು ಬಹಳ ಮಾರಾಟವಾಯಿತು. ಅದಕ್ಕಿಂತ ಹೆಸರಾದದ್ದು 1856ರ ಇನ್ನೊಂದು ಪುಸ್ತಕ. ಅದರ ಹೆಸರನ್ನು ಕನ್ನಡದಲ್ಲಿ ಹೇಳಿದರೆ 'ಬೆಂಕಿಯ ನಾಲಗೆ'. ಬೈಬಲಿನಲ್ಲಿ ಒಂದು ಕಥೆಯಿದೆ. ಯೇಸುವಿನ ಶಿಷ್ಯರು ಒಂದು ಮನೆಯಲ್ಲಿ ಕೂಡಿದ್ದಾಗ ಬೆಂಕಿಯ ನಾಲಗೆಗಳಂಥವು ಇಳಿದುಬಂದು ಅವರ ಮೇಲೆ ನಿಂತವಂತೆ. ಆಗ ಅವರು ಕಲಿಯದ ಭಾಷೆಗಳನ್ನೆಲ್ಲ ಮಾತಾಡತೊಡಗಿದರು. ಬೇರೆ ಬೇರೆ ದೇಶಗಳಿಂದ ಬಂದಿದ್ದ ಜನ, ಇದೇನು, ನಮ್ಮ ನಮ್ಮ ಮನೆಮಾತಿನಲ್ಲೇ ಇವರು ಮಾತಾಡುತ್ತಿದ್ದಾರಲ್ಲ ಎಂದು ಬೆರಗಾದರಂತೆ. ಆರ್ಥರ್ ಅವರ ಪುಸ್ತಕ ಈ ಕಥೆಯ ಸುತ್ತ ಬರೆದದ್ದು. ಭಕ್ತರು ಅದನ್ನು ಬೇರೆ ಕಾರಣಕ್ಕೆ ಓದುತ್ತಾರೆ, ಅದು ಅವರಿಗೆ ಬಿಟ್ಟದ್ದು. ನನಗಂತೂ ಅದರ ಹೆಸರು ಕೇಳಿದಾಗಲೆಲ್ಲ ಗುಬ್ಬಿಯಲ್ಲಿ ಲ ಮತ್ತು ಳ ನಡುವೆ ನಾಲಗೆ ತಿರುಗಿಸಲು ಹೆಣಗಾಡುವ ಇಪ್ಪತ್ತರ ಹುಡುಗನೊಬ್ಬ ಕಣ್ಣ ಮುಂದೆ ಬರುತ್ತಾನೆ. ಅವನಿಗೆ ಆಕಾಶದಿಂದ ಏನೂ ಇಳಿದುಬರಲಿಲ್ಲ. ಮುನ್ಷಿಯೊಬ್ಬನೇ ಗತಿ.

ಆರ್ಥರ್ ಬಿಟ್ಟುಹೋದ ಕನ್ನಡವನ್ನು ಅದೇ ಪಂಗಡದ ಬೇರೆಯವರು ಮುಂದುವರಿಸಿದರು. ಹಾಡ್ಸನ್ ಇಲ್ಲೇ ಉಳಿದು ಬಹುಕಾಲ ದುಡಿದು, ಗುಬ್ಬಿ ಸೀಮೆಯ ಕೆಲಸದ ನೆನಪುಗಳನ್ನು 1877ರಲ್ಲಿ ಪುಸ್ತಕ ಮಾಡಿದರು. ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ ಮುದ್ರಣಾಲಯ ಶುರುವಾಗಿತ್ತು. ಕ್ರೈಸ್ತ ಪುಸ್ತಕಗಳನ್ನು ಅಚ್ಚು ಹಾಕಲು ಹೊರಟ ಆ ಮುದ್ರಣಾಲಯದಿಂದ 1849ರಲ್ಲಿ ಹೊರಬಂದ ಒಂದು ಪುಸ್ತಕ ಯಾವುದು, ಊಹಿಸಿ. ಭಗವದ್ಗೀತೆ! ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಸಂಪಾದಿಸಿದವರು ಜಾನ್ ಗ್ಯಾರೆಟ್ ಎಂಬ ಮೆಥಡಿಸ್ಟ್ ಪಾದ್ರಿ. ಇದೇ ಗ್ಯಾರೆಟ್ 1858ರಲ್ಲಿ ಬೆಂಗಳೂರು ಹೈಸ್ಕೂಲಿನ ಮೊದಲ ಮುಖ್ಯೋಪಾಧ್ಯಾಯರಾದರು. ಆ ಹೈಸ್ಕೂಲೇ ಬೆಳೆದು 1875ರಲ್ಲಿ ಸೆಂಟ್ರಲ್ ಕಾಲೇಜಾಯಿತು. ಗ್ಯಾರೆಟ್ ಮುಂದೆ ಮೈಸೂರು ಸೀಮೆಯ ವಿದ್ಯಾ ಇಲಾಖೆಗೇ ಮುಖ್ಯಸ್ಥರಾದರು.

ಇನ್ನೊಬ್ಬರು ಡೇನಿಯಲ್ ಸ್ಯಾಂಡರ್ಸನ್. ಇವರ ಕೆಲಸ ನನಗೆ ಎಲ್ಲರಿಗಿಂತ ಹೆಚ್ಚು ಇಷ್ಟ. ಅಜ್ಜಿಯರೇ, ನಿಮ್ಮ ಮನೆಗಳಲ್ಲಿ ಸಂಜೆ ಹೊತ್ತು ಹಿರಿಯರು ಜೈಮಿನಿ ಭಾರತ ಓದುತ್ತಿದ್ದದ್ದು ನೆನಪಿರಬಹುದು. ಲಕ್ಷ್ಮೀಶ ಕವಿಯ ಅದೇ ಕಾವ್ಯವನ್ನು ಸ್ಯಾಂಡರ್ಸನ್ ಇಂಗ್ಲಿಷ್ ಅನುವಾದ, ಟಿಪ್ಪಣಿಗಳ ಜೊತೆ 1852ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ರೀವ್ ಅವರ ಹಳೆಯ ನಿಘಂಟನ್ನು ತಿದ್ದಿ ಬೆಳೆಸಿ 1858ರಲ್ಲಿ ಹೊರತಂದರು. ಕಿಟ್ಟೆಲ್ ಹೆಸರು ನಿಮಗೆಲ್ಲ ಗೊತ್ತು. ಅವರ ದೊಡ್ಡ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ಮೊದಲಿನ ಮೂವತ್ತಾರು ವರ್ಷ ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಬೇಕೆಂದವರು ಸ್ಯಾಂಡರ್ಸನ್ನರ ಪುಟಗಳನ್ನು ತಿರುವಿದ್ದರು. ಆ ನಿಘಂಟಿನ ಮುಖಪುಟದಲ್ಲಿ ರೀವ್ ಹೆಸರಿದೆ, ಸ್ಯಾಂಡರ್ಸನ್ ಹೆಸರಿದೆ. ಎದುರಿಗೆ ಕೂತು, ಸ್ವಾಮಿ, ಈ ಪದಕ್ಕೆ ಹೀಗೂ ಒಂದು ಅರ್ಥ ಉಂಟು ಎಂದು ಹೇಳಿಕೊಟ್ಟ ಕನ್ನಡದ ಮುನ್ಷಿಗಳ ಹೆಸರು ಆ ಪುಟದಲ್ಲಿ ಇಲ್ಲ. ಪಾಠ ಹೇಳಿದವರು ಅವರೇ, ಅವರ ಕಥೆ ಬರೆಯುವವರೇ ಸಿಗಲಿಲ್ಲ.

ವಿಲಿಯಂ ಆರ್ಥರ್ 1888ರಲ್ಲಿ ನಿವೃತ್ತರಾದರು. ಕೊನೆಯ ವರ್ಷಗಳನ್ನು ಹೆಚ್ಚಾಗಿ ಫ್ರಾನ್ಸಿನ ದಕ್ಷಿಣ ಕಡಲ ತೀರದಲ್ಲಿ ಕಳೆದು 1901ರ ಮಾರ್ಚ್ 9ರಂದು ಕಾನ್ ಪಟ್ಟಣದಲ್ಲಿ ತೀರಿಕೊಂಡರು. ವಯಸ್ಸು 82. ಮಾರನೆಯ ವರ್ಷ ಅವರ ಮೈಸೂರಿನ ಪುಸ್ತಕ ಮತ್ತೊಮ್ಮೆ ಅಚ್ಚಾಯಿತು. ಅದನ್ನು ಸಿದ್ಧಪಡಿಸಿದವರು ಹೆನ್ರಿ ಹೇಯ್ಗ್ ಎಂಬ ಇನ್ನೊಬ್ಬ ವೆಸ್ಲಿಯನ್ ಪಾದ್ರಿ. ಅವರೂ ನಮ್ಮ ಸೀಮೆಯಲ್ಲಿದ್ದು ಕನ್ನಡ ಕಲಿತವರು. ಮೈಸೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ 1887ರಲ್ಲಿ ಶುರುವಾದ 'ವೃತ್ತಾಂತ ಪತ್ರಿಕೆ'ಯನ್ನು ನಡೆಸಿದವರು. ಅದು ಕನ್ನಡದ ವಾರಪತ್ರಿಕೆ, ಈಗ ನಿಮ್ಮ ಕೈಯಲ್ಲಿದೆಯಲ್ಲ, ಇದರ ಮುತ್ತಜ್ಜ ಎನ್ನಬಹುದು. ಮುಂದಿನ ವಾರ ಅದರ ಕಥೆ.